ಎರಡು ಎಲ್ಲಿಂದ ಬಂತು

ಒಂದು ಕೆನ್ನೆ ಬೋಳಿಸಿ ಆಗಿತ್ತು, ಇನ್ನೊಂದರ ಮೇಲೆ ನೊರೆ ಹಾಗೇ ಇತ್ತು. ಬ್ರಷ್ಷುಗಳ ಲೋಟಕ್ಕೆ ಒರಗಿಸಿಟ್ಟ ಫೋನು ಗುರ್ರೆಂದು ಅಲುಗಿ, ಜಾರಿ ಬೇಸಿನ್ನಿಗೆ ಬೀಳುವುದರಲ್ಲಿದ್ದಾಗ ಮೇಷ್ಟ್ರು ಒದ್ದೆ ಕೈಯಲ್ಲೇ ಹಿಡಿದುಕೊಂಡರು. "ಸರ್, ಆ ಎರಡು ಎಲ್ಲಿಂದ ಬಂತು ಅಂತ ಕೇಳ್ತಿದ್ದಾರೆ. ಏನು ಹೇಳಲಿ?" ಅಷ್ಟೇ, ಹಿಂದೆ ಮುಂದೆ ಏನಿಲ್ಲ. ಓದಿದ ಕೂಡಲೇ ಮುಖದ ಮೇಲೆ ಮೊದಲು ಬಂದದ್ದು ಸಿಟ್ಟು. ಬೆಳಗ್ಗೆ ಎದ್ದರೆ ಇವಳದೊಂದು. ಕಾಲೇಜಿನಲ್ಲಿದ್ದಾಗಲೂ ಹೀಗೇ, ಬೋರ್ಡಿನ ಮೇಲೆ ಕೊನೆಯ ಸಾಲು ಬರೆದು ಚಾಕಿನ ಕೈ ಕೊಡವಿಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಕೈಯೆತ್ತುತ್ತಿದ್ದಳು. ಪ್ರಶ್ನೆಚಿಹ್ನೆ ಎಂದು ಅವಳಿಗೆ ಅಡ್ಡಹೆಸರಿಟ್ಟವರು ಮೇಷ್ಟ್ರೇ. ಇಡೀ ಕ್ಲಾಸು ನಕ್ಕಿತ್ತು, ಅವಳೂ ನಕ್ಕಿದ್ದಳು, ಆಮೇಲೆ ಕೆಲವು ದಿನ ಕೈಯೆತ್ತಿರಲಿಲ್ಲ. ಹುಡುಗರು ಅವರಿಗೂ ಒಂದು ಹೆಸರು ಕಟ್ಟಿದ್ದರು, ಮಿತಿ ಮೇಷ್ಟ್ರು ಎಂದು. ಯಾವ ಪಾಠ ಶುರುಮಾಡಿದರೂ ಕೊನೆಗೆ ಅನಂತದ ಕಡೆ ಹೋದರೆ ಏನಾಗುತ್ತದೆ ಎಂಬಲ್ಲಿಗೇ ತಂದು ನಿಲ್ಲಿಸುತ್ತಿದ್ದರಿಂದ. ಆ ಹೆಸರಿನಲ್ಲಿ ಗೇಲಿ ಇದ್ದದ್ದು ಅವರಿಗೆ ಗೊತ್ತಿತ್ತು, ಗೌರವವೂ ಸ್ವಲ್ಪ ಇರಬಹುದೆಂದು ಅಂದುಕೊಂಡಿದ್ದರು. ಉಳಿದ ಕೆನ್ನೆಯನ್ನು ಅವಸರದಲ್ಲಿ ಬೋಳಿಸಿ ದವಡೆಯ ಮೂಳೆಯ ಹತ್ತಿರ ಗೀರಿಕೊಂಡರು.

ಉತ್ತರ ಗೊತ್ತಿಲ್ಲದ ಪ್ರಶ್ನೆಯಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಎರಡು ಎಲ್ಲಿಂದ ಬಂತೆಂದು ಲೋಕದಲ್ಲಿ ಒಬ್ಬರಿಗೆ ಗೊತ್ತಿದ್ದರೆ ಅದು ಅವರಿಗೇ. ಯಾರು ಯಾರೋ ಯಾವ ಯಾವ ಊರಿನಲ್ಲೋ ಕುಳಿತು, ಒಬ್ಬರ ಮುಖ ಒಬ್ಬರು ಕಾಣದೆ, ಬಿಟ್ಟಿಯಾಗಿ ಸೇರಿ ಬರೆಯುವ ಗಣಿತದ ಸಾಫ್ಟ್‌ವೇರಿನಲ್ಲಿದ್ದ ಎರಡು ಅದು. ಯಾರು ಬೇಕಾದರೂ ತೆರೆದು ಓದಬಹುದು, ಯಾರು ಬೇಕಾದರೂ ಇದು ಹೀಗಿರಲಿ ಎಂದು ತಿದ್ದುಪಡಿ ಕಳಿಸಬಹುದು. ಆದರೆ ಆ ಭಾಗ ನೋಡಿಕೊಳ್ಳುವವರು ಸರಿ ಎಂದು ಒತ್ತದೆ ಒಳಗೆ ಹೋಗುವುದಿಲ್ಲ. ಮೇಷ್ಟ್ರ ಭಾಗ ಒಂದೇ ಒಂದು ಉದ್ದದ ಫೈಲು. ಎಣಿಕೆಗಳ ಒಂದು ಕೊನೆಯಿಲ್ಲದ ಸಾಲನ್ನು ಒಂದೇ ಸೂತ್ರದಲ್ಲಿ ಗಂಟುಕಟ್ಟಿ ಕೊಟ್ಟರೆ—ಜನರೇಟಿಂಗ್ ಫಂಕ್ಷನ್ ಎನ್ನುತ್ತಾರೆ ಅದನ್ನು—ಆ ಸಾಲು ತುಂಬ ದೂರ ಹೋದ ಮೇಲೆ ಎಷ್ಟು ಬೆಳೆದಿರುತ್ತದೆ ಎಂದು ಗಂಟು ಬಿಚ್ಚದೆಯೇ ಅಂದಾಜು ಹೇಳುವ ಪ್ರೋಗ್ರಾಮು. ಫೈಲಿನ ನೆತ್ತಿಯ ಮೇಲೆ ಅವರ ಹೆಸರಿತ್ತು. ಕಾಲೇಜಿನ ಗೇಟಿನ ಕಾವಲುಗಾರ ಇಷ್ಟು ವರ್ಷವಾದರೂ ಗುರುತಿನ ಚೀಟಿ ಕೇಳುತ್ತಾನೆ. ಅಲ್ಲಿ ಮಾತ್ರ ಮುಖ ಕಾಣದ ಜನ "ಇದನ್ನು ಅವರನ್ನೇ ಕೇಳಬೇಕು" ಎಂದು ಬರೆಯುತ್ತಿದ್ದರು. ಆ ವಾಕ್ಯವನ್ನು ಅವರು ಎಷ್ಟೋ ಸಲ ತೆರೆದು ಓದಿದ್ದಾರೆ. ಓದಿ, ಯಾರಾದರೂ ನೋಡಿದರೇನೋ ಎಂಬಂತೆ ಕಿಟಕಿ ಮುಚ್ಚಿದ್ದಾರೆ.

"ರೀ, ಕತ್ತು ಕೊಯ್ಕೊಂಡ್ರಾ?" ಎಂದು ಹೆಂಡತಿ ಅಡಿಗೆಮನೆಯ ಬಾಗಿಲಿನಿಂದಲೇ ಕೇಳಿದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸ ಅವಳದು. ಬಾಯಿ ಮರಗಟ್ಟಿದವರ ನಡುವೆ ದಿನವಿಡೀ ಒಬ್ಬಳೇ ಮಾತಾಡಿ ಮಾತಾಡಿ, ಮನೆಯಲ್ಲೂ ಎದುರಿನವರ ಉತ್ತರಕ್ಕೆ ಕಾಯುವ ಅಭ್ಯಾಸ ಅವಳಿಗೆ ತಪ್ಪಿಹೋಗಿತ್ತು. "ಸಂಜೆ ತಮ್ಮ ಬರ್ತಾನೆ, ಅವನ ಹೆಂಡತೀನೂ. ನೆನಪಿದೆಯಲ್ಲ? ಹೋದ ಸಲದ ಹಾಗೆ ಗಂಟು ಮುಖ ಹಾಕ್ಕೊಂಡು ಕೂರಬೇಡಿ. ನಾಲ್ಕು ಮಾತಾಡಿ. ಆ ಕಂಪ್ಯೂಟರ್ ಮುಂದೆ ಹೋಗಿ ಅಡಗಿಕೊಂಡ್ರೆ ಅವನು ನನ್ನ ಕಾಲೆಳೀತಾನೆ, ಏನಕ್ಕಾ ನಿನ್ನ ಗಂಡ ನಮಗೆ ಹೆದರ್ತಾರಾ ಅಂತ." ಮೇಷ್ಟ್ರು ದವಡೆಗೆ ಕಾಗದದ ಚೂರು ಅಂಟಿಸಿಕೊಂಡು ಹೂಂ ಎಂದರು. ಒಂದು ಕ್ಷಣ ಅವಳಿಗೆ ಹೇಳಿಬಿಡಲೇ ಎನಿಸಿತು. ಹೇಳುವುದಾದರೂ ಏನನ್ನು? ನಿನಗೆ ನೆನಪಿದೆಯಲ್ಲ ಅವತ್ತು ಎಂದೇ ಶುರುಮಾಡಬೇಕು. ಅವತ್ತಿನ ಮಾತೆತ್ತಿದರೆ ಅವಳ ಮುಖ ಅರಳುತ್ತದೆ. ಅರಳಿದ ಮುಖಕ್ಕೆ ಮುಂದಿನದನ್ನು ಹೇಳುವುದು ಅವರಿಂದ ಆಗದ ಕೆಲಸ.

ಅವತ್ತು ಎಂದರೆ ಹಳೆಯ ಬಾಡಿಗೆ ಮನೆಯ ಕಾಲ. ಪ್ರೋಗ್ರಾಮು ಮುಕ್ಕಾಲು ಮುಗಿದಿತ್ತು, ಆದರೆ ಒಂದು ಬಗೆಯ ಸಾಲುಗಳಲ್ಲಿ ಉತ್ತರ ಹಟಮಾಡುತ್ತಿತ್ತು. ಮನೆಯಿಂದ ಹೊರಟು, ಪ್ರತಿ ಹೆಜ್ಜೆಗೂ ಎಡಕ್ಕೋ ಬಲಕ್ಕೋ ಮನಸ್ಸು ಬಂದ ಕಡೆ ಕಾಲಿಡುವವನೊಬ್ಬ ಮತ್ತೆ ಮನೆಬಾಗಿಲಿಗೇ ಬಂದು ನಿಲ್ಲುವುದು ಎಷ್ಟು ಬಗೆಯಲ್ಲಿ ಸಾಧ್ಯ ಎಂಬಂಥ ಎಣಿಕೆಗಳು. ಬೆಸ ಹೆಜ್ಜೆಗಳಲ್ಲಿ ಅವನು ಮನೆ ಸೇರಲಾರ, ಅಲ್ಲೆಲ್ಲ ಸೊನ್ನೆ. ಸಮ ಹೆಜ್ಜೆಗಳಲ್ಲಿ ದೊಡ್ಡ ದೊಡ್ಡ ಸಂಖ್ಯೆ. ಸೊನ್ನೆಗೆ ಅಂದಾಜು ಯಾಕೆ ಬೇಕು ಎಂದು ಮೇಷ್ಟ್ರು ಸಮದ ಕಡೆ ಮಾತ್ರ ನೋಡಿದರು. ಪ್ರೋಗ್ರಾಮಿನ ಉತ್ತರ ಎಲ್ಲೆಲ್ಲೂ ನಿಜದ ಸರಿಯಾಗಿ ಅರ್ಧ ಬರುತ್ತಿತ್ತು. ಅರ್ಧ! ತಲೆಕೆಡಿಸಿಕೊಂಡು, ಊಟ ಬಿಟ್ಟು, ಹೆಂಡತಿಯ ಮೇಲೆ ರೇಗಿ, ಕೊನೆಗೆ ಒಂದು ಮಧ್ಯಾಹ್ನ ಒಂದು ಸಾಲು ಸೇರಿಸಿದರು: ನಡುನಡುವೆ ಸೊನ್ನೆ ಬರುವ ಸಾಲಾದರೆ ಎರಡರಿಂದ ಗುಣಿಸು. ಪಕ್ಕದಲ್ಲಿ ಟಿಪ್ಪಣಿಯಾಗಿ "ಸಮ್ಮಿತಿಯಿಂದ" ಎಂದು ಒಂದೇ ಪದ ಬರೆದರು. ಉತ್ತರಗಳೆಲ್ಲ ಟಕಟಕನೆ ಹೊಂದಿಕೊಂಡವು. ಉತ್ತರ ತಾಳೆ ನೋಡುವ ಪರೀಕ್ಷೆಗಳೆಲ್ಲ ಸರಿ ಎಂದು ಹಸಿರಾದವು. ಯಾವ ಸಮ್ಮಿತಿ, ಯಾಕೆ ಎರಡು ಎಂದು ಆಮೇಲೆ ನೋಡಿದರಾಯಿತು ಅಂದುಕೊಂಡರು. ಖುಷಿ ಬಂದಾಗ ಯಾರಾದರೂ ಲೆಕ್ಕ ಕೇಳುತ್ತಾರೆಯೇ? ಹಾಲ್‌ಗೆ ಓಡಿ, ಬಟ್ಟೆ ಮಡಿಸುತ್ತಿದ್ದವಳ ಎರಡೂ ಕೈ ಹಿಡಿದು ಎಬ್ಬಿಸಿ ಸುತ್ತಿಸಿಬಿಟ್ಟಿದ್ದರು. ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ಕುಟ್ಟಿದ್ದರು. ಮದುವೆಯಾದ ಮೇಲೆ ಮೇಷ್ಟ್ರು ಕುಣಿದದ್ದು ಅದೊಂದೇ ಸಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನ ಬೆನ್ನಿಗೆ ಯಾರೋ ಮೊಳೆಯಲ್ಲಿ ತಮ್ಮ ಹೆಸರು ಕೆತ್ತಿದ್ದರು, ಇನ್ಯಾರೋ ಅದರ ಮೇಲೆ ಗೀಚಿ ತಮ್ಮದು ಬರೆದಿದ್ದರು. ಕೆಲವು ತಿಂಗಳ ಹಿಂದೆ ಪ್ರಶ್ನೆಚಿಹ್ನೆ ಇದ್ದಕ್ಕಿದ್ದ ಹಾಗೆ ಪತ್ರ ಬರೆದಾಗ ಮೇಷ್ಟ್ರಿಗೆ ಮೊದಲು ಖುಷಿಯೇ ಆಗಿತ್ತು. ಮಗು ಸಣ್ಣದು, ಎಲ್ಲೋ ಟ್ಯೂಷನ್ ಸೆಂಟರಿನಲ್ಲಿ ಪಾಠ, ಬಿಡುವಾದಾಗ ಈ ಸಾಫ್ಟ್‌ವೇರಿಗೆ ಕೆಲಸ ಮಾಡುತ್ತೇನೆ, ನಿಮ್ಮ ಫೈಲು ತುಂಬ ಉದ್ದವಾಗಿ ಗೋಜಲಾಗಿದೆ, ಅದನ್ನು ಬಿಡಿಸಿ ನಾಲ್ಕು ಚಿಕ್ಕ ಫೈಲುಗಳಾಗಿ ಮರುಜೋಡಣೆ ಮಾಡಲೇ ಸರ್, ಎಂದು. ಗೋಜಲು ಎಂಬ ಮಾತು ಮುಳ್ಳಿನ ಹಾಗೆ ಚುಚ್ಚಿದರೂ, ಮಾಡಿ ಎಂದಿದ್ದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡಿದ್ದಳು. ತಮ್ಮದೇ ಸಾಲುಗಳು ಬೇರೆ ಬೇರೆ ಕೋಣೆಗಳಲ್ಲಿ ನೆಮ್ಮದಿಯಾಗಿ ಕುಳಿತದ್ದನ್ನು ನೋಡಿ ಮೇಷ್ಟ್ರಿಗೆ ಹೊಟ್ಟೆಕಿಚ್ಚಾಯಿತು. ಹೌದು, ಹೊಟ್ಟೆಕಿಚ್ಚೇ, ಬೇರೆ ಹೆಸರಿಟ್ಟು ಕರೆಯುವುದರಲ್ಲಿ ಅರ್ಥವಿಲ್ಲ. ಕೊನೆಯಲ್ಲಿ ಒಂದು ಪ್ರಶ್ನೆ ಇಟ್ಟಿದ್ದಳು. "ಸರ್, ಈ ಎರಡು ಎಲ್ಲಿಂದ ಬಂತು? ನಾಲ್ಕು ಫೈಲಿನಲ್ಲಿ ಯಾವುದಕ್ಕೆ ಸೇರಿಸಬೇಕೋ ಗೊತ್ತಾಗ್ತಿಲ್ಲ."

ಆಗ ಕೂತು ನೋಡಿದರು. ಮುಂದಿಟ್ಟ ಚಹಾ ಆರುವುದರೊಳಗೆ ಎಲ್ಲ ಗೊತ್ತಾಗಿಹೋಯಿತು. ಇಂಥ ಸೂತ್ರಗಳು ಕೆಲವು ಬಿಂದುಗಳಲ್ಲಿ ಒಡೆದುಹೋಗುತ್ತವೆ, ಸೊನ್ನೆಗೆ ಯಾವುದು ಹತ್ತಿರವೋ ಆ ಬಿಂದು ಬೆಳವಣಿಗೆಯನ್ನು ನಿರ್ಧರಿಸುತ್ತದೆ. ಅವರ ಪ್ರೋಗ್ರಾಮು ಬಲಗಡೆ ಮಾತ್ರ ನೋಡುತ್ತಿತ್ತು. ಎಡಗಡೆ ಅಷ್ಟೇ ದೂರದಲ್ಲಿ ಇನ್ನೊಂದು ಬಿಂದು ಇತ್ತು. ಎರಡನ್ನೂ ಕೂಡಿಸಬೇಕಿತ್ತು, ಸಮದಲ್ಲಿ ಅವು ಸೇರಿ ಇಮ್ಮಡಿಯಾಗುತ್ತವೆ, ಬೆಸದಲ್ಲಿ ಒಂದನ್ನೊಂದು ತಿಂದು ಸೊನ್ನೆಯಾಗುತ್ತವೆ. ಅವರ ಎರಡಕ್ಕೆ ಬೇರೆ ಯಾವ ಸಮ್ಮಿತಿಯೂ ಇರಲಿಲ್ಲ, ಕಣ್ಣಿಗೆ ಬೀಳದ ಇನ್ನೊಂದು ಬಿಂದುವಿನ ಬದಲಿಗೆ ತುರುಕಿದ ಚಿಂದಿ ಅದು. ಎರಡು ಸೊನ್ನೆಯಾದ ಮೇಲೆ ಒಂದು ಸಂಖ್ಯೆ ಬರುವ ಸಾಲು ಸಿಕ್ಕರೆ ಅಲ್ಲಿ ಸುತ್ತ ಮೂರು ಬಿಂದುಗಳಿರುತ್ತವೆ, ಮೂರರಿಂದ ಗುಣಿಸಬೇಕು. ಇವರ ಪ್ರೋಗ್ರಾಮು ನಾಚಿಕೆಯಿಲ್ಲದೆ ಎರಡರಿಂದಲೇ ಗುಣಿಸುತ್ತಿತ್ತು. ಇಷ್ಟು ವರ್ಷ. ಮೊದಲ ವರ್ಷದ ಹುಡುಗರಿಗೆ ತಾವೇ ಹೇಳಿಕೊಡುವ ಪಾಠ ಇದು! ಒಂದು ಸಾಲು ಬರೆದಿದ್ದರೆ ಸಾಕಿತ್ತು—ತಪ್ಪು ನನ್ನದು, ಎಡಗಡೆ ನೋಡಲಿಲ್ಲ ಎಂದು. ಅವರು ಬರೆದದ್ದು ಬೇರೆ. "ಮರುಜೋಡಣೆ ಅಂದರೆ ಸಾಮಾನು ಜರುಗಿಸುವುದು, ಮನೆ ಒಡೆಯುವುದಲ್ಲ. ಉತ್ತರಗಳು ಬದಲಾಗಕೂಡದು. ಪರೀಕ್ಷೆ ಹಸಿರಾಗಿಯೇ ಇರಬೇಕು. ಅರ್ಥವಾಗದ್ದನ್ನು ಮುಟ್ಟಬೇಡಿ. ಎರಡನ್ನು ಹಾಗೇ ಸಾಗಿಸಿ." ಪ್ರತಿ ವಾಕ್ಯವೂ ಕೆಲಸದ ನಿಯಮವೇ. ಯಾರೂ ಬೆರಳೆತ್ತಿ ತೋರಿಸುವ ಹಾಗಿರಲಿಲ್ಲ. ಅವಳು "ಆಗಲಿ ಸರ್" ಎಂದು ಬರೆದು, ಹೇಳಿದ ಹಾಗೇ ಮಾಡಿದಳು.

ಬಸ್ಸು ತಿರುವಿನಲ್ಲಿ ನಿಂತು, ಶಾಲೆಯ ಮಕ್ಕಳು ಹತ್ತಿ, ಗಲಾಟೆ ತುಂಬಿತು. ಮೇಷ್ಟ್ರು ಕಣ್ಣು ಮುಚ್ಚಿದರು. ಇನ್ನೊಂದಿದೆ, ಅದನ್ನು ನೆನೆಯುವುದು ಬೇಡ ಎಂದಷ್ಟೂ ಅದೇ ಬಂತು. ಆ ಸಾಫ್ಟ್‌ವೇರಿನಲ್ಲಿ ಯಾವ ಸಾಲನ್ನು ಮುಟ್ಟಿದರೂ ಪಕ್ಕದ ಅಂಚಿನಲ್ಲಿ ಅದನ್ನು ಬರೆದವರ ಹೆಸರು ಕಾಣುತ್ತದೆ. ಸಾಲನ್ನು ಒಂದು ಫೈಲಿನಿಂದ ಇನ್ನೊಂದಕ್ಕೆ ಸಾಗಿಸಿದರೆ ಅಂಚಿನ ಹೆಸರು ಬದಲಾಗುತ್ತದೆ, ಸಾಗಿಸಿದವರದಾಗುತ್ತದೆ. ಹಿಂದಕ್ಕೆ ಅಗೆಯುತ್ತ ಹೋದರೆ ಹಳೆಯ ಹೆಸರು ಸಿಕ್ಕೇ ಸಿಗುತ್ತದೆ, ಆದರೆ ಅಷ್ಟು ಅಗೆಯುವ ಪುರುಸೊತ್ತು ಯಾರಿಗಿದೆ? ಇದು ತಮಗೆ ಆಗ ಹೊಳೆದಿರಲಿಲ್ಲ ಎಂದು ಮೇಷ್ಟ್ರು ತಮಗೆ ತಾವೇ ಹಲವು ಸಲ ಹೇಳಿಕೊಂಡಿದ್ದರು. ಹೊಳೆದಿತ್ತು. "ಹಾಗೇ ಸಾಗಿಸಿ" ಎಂದು ಬರೆಯುವ ಮುಂಚೆ ಒಂದು ಖಾಲಿ ಫೈಲಿಗೆ ಬೇರೆಯವರದೊಂದು ಸಾಲನ್ನು ಸಾಗಿಸಿ, ಹೆಸರು ಬದಲಾಗುತ್ತದೋ ಇಲ್ಲವೋ ನೋಡಿದ್ದರು. ನೋಡಿ, ಆ ಫೈಲನ್ನು ಅಳಿಸಿದ್ದರು. ಒಬ್ಬ ಹುಡುಗ ಅವರ ಕಾಲು ತುಳಿದು "ಸಾರಿ ಅಂಕಲ್" ಎಂದ. ಪರವಾಗಿಲ್ಲ ಎನ್ನುವಷ್ಟರಲ್ಲಿ ಅವನು ಮುಂದೆ ಹೋಗಿದ್ದ.

ಸ್ಟಾಫ್ ರೂಮಿನಲ್ಲಿ ಕಂಪ್ಯೂಟರು ತೆರೆದು, ಆ ಸಾಫ್ಟ್‌ವೇರಿನ ತಪ್ಪುಗಳನ್ನು ಚರ್ಚಿಸುವ ಪುಟ ನೋಡಿದರು. ತಮ್ಮನ್ನು ಹಿಮಕರಡಿ ಎಂದು ಕರೆದುಕೊಳ್ಳುವ ಯಾರೋ ಒಬ್ಬರು, ಗಂಡೋ ಹೆಣ್ಣೋ ಯಾವ ದೇಶವೋ ಯಾರಿಗೂ ಗೊತ್ತಿಲ್ಲ, ಎರಡು ಸೊನ್ನೆ ಒಂದು ಸಂಖ್ಯೆಯ ಸಾಲನ್ನೇ ಕೊಟ್ಟು, ಉತ್ತರದಲ್ಲಿ ಮೂರನೆಯ ಒಂದು ಪಾಲು ಖೋತಾ ಆಗುತ್ತಿದೆ ಎಂದು ತೋರಿಸಿದ್ದರು. ಕೆಳಗೆ ಬರೆದಿದ್ದರು: "ಈ ಎರಡು ಯಾವ ಪ್ರಮೇಯದಿಂದ ಬಂತು, ಅಥವಾ ಯಾರ ಜೇಬಿನಿಂದ? ಅಂಚಿನಲ್ಲಿ ಮರುಜೋಡಣೆ ಮಾಡಿದವರ ಹೆಸರಿದೆ. ಅವರೇ ಹೇಳಲಿ." ಅದರ ಕೆಳಗೆ ಹೊಸ ಆವೃತ್ತಿಯ ಬಿಡುಗಡೆ ನೋಡಿಕೊಳ್ಳುವಾಕೆ, ಮಾತು ಕಡಿಮೆ ಆಡುವ ಹೆಂಗಸು, ಒಂದೇ ಸಾಲು ಹಾಕಿದ್ದಳು: "ಆವೃತ್ತಿ ಇವತ್ತು ಸಂಜೆ ಹೊರಡುತ್ತದೆ. ಅಷ್ಟರೊಳಗೆ ವಿವರಣೆ ಬೇಕು." ಮೇಷ್ಟ್ರು ಮೂರೂ ಸಂದೇಶಗಳನ್ನು ಓದಿದರು. ಮೂರನೆಯದು ಪ್ರಶ್ನೆಚಿಹ್ನೆಯದು. "ಇದರ ಬಗ್ಗೆ ತಿಳಿದವರನ್ನು ಕೇಳಿದ್ದೇನೆ. ದಯವಿಟ್ಟು ಕಾಯಿರಿ." ತಿಳಿದವರು. ಅವಳು ಹೆಸರು ಹೇಳಿರಲಿಲ್ಲ.

"ಏನು ಸರ್, ಇನ್ನೂ ನಿಮ್ಮ ಧರ್ಮದ ಕೆಲಸ ನಡೀತಿದೆಯಾ?" ಎನ್ನುತ್ತ ವಿಭಾಗದ ಮುಖ್ಯಸ್ಥ ಹೆಗಲ ಮೇಲಿಂದ ಬಗ್ಗಿ ನೋಡಿದ. ಮೇಷ್ಟ್ರಿಗಿಂತ ಎಷ್ಟೋ ವರ್ಷ ಚಿಕ್ಕವನು, ಅವರ ಕೈಕೆಳಗೆ ಸೇರಿದವನು, ಈಗ ಒಳಗಿನ ಕೋಣೆಯಲ್ಲಿ ಕೂರುತ್ತಾನೆ. ಬಡ್ತಿಯ ಅರ್ಜಿಯಲ್ಲಿ ಮೇಷ್ಟ್ರು ಈ ಸಾಫ್ಟ್‌ವೇರನ್ನು ಪ್ರಕಟಣೆ ಎಂದು ತೋರಿಸಿದಾಗ, "ಸರ್, ಇದನ್ನ ಯಾವ ಕಾಲಮ್ಮಿಗೆ ಹಾಕೋದು? ಸಮಾಜಸೇವೆ ಅಂತ ಹಾಕ್ಲಾ?" ಎಂದು ಎಲ್ಲರ ಮುಂದೆ ನಕ್ಕವನು. "ಬಿಡುವಿದ್ರೆ ಸೆಮಿನಾರ್ ಹಾಲ್ ಕುರ್ಚಿ ಒಂದಿಷ್ಟು ಹಾಕಿಸಿಬಿಡಿ ಸರ್. ನಾಳೆ ಅತಿಥಿಗಳು ಬರ್ತಾರೆ. ನೀವಾದ್ರೆ ಸಾಲು ನೇರವಾಗಿ ಬರುತ್ತೆ." ಬೇರೆ ದಿನವಾಗಿದ್ದರೆ ಮೇಷ್ಟ್ರು ಒಳಗೊಳಗೇ ಕುದಿಯುತ್ತಿದ್ದರು. ಇವತ್ತು ಕೂಡಲೇ ಎದ್ದರು. ಕುರ್ಚಿ ಹಾಕಿಸುತ್ತಿರುವವನು ಏನನ್ನೂ ಬರೆಯಲಾರ. ಹಾಲ್‌ನ ದೂಳಿನ ವಾಸನೆಯಲ್ಲಿ, ಕುರ್ಚಿಯ ಕಾಲು ನೆಲಕ್ಕೆ ಉಜ್ಜುವ ಕರ್ಕಶ ಸದ್ದಿನಲ್ಲಿ ಅವರಿಗೆ ಒಂದು ಬಗೆಯ ನೆಮ್ಮದಿ ಸಿಕ್ಕಿತು. ಆಳುಗಳು ಹಾಕಿದ ಸಾಲನ್ನು ಎರಡೆರಡು ಸಲ ಸರಿಮಾಡಿಸಿದರು. "ಸಾಕು ಬಿಡಿ ಸಾರ್, ಕೂರೋರು ಮನುಷ್ಯರೇ ತಾನೇ?" ಎಂದ ಒಬ್ಬ ಆಳು.

ಅಲ್ಲಿಗೇ ಫೋನು ಬಂತು. ಎತ್ತದೆ ಇದ್ದರೆ ಮತ್ತೆ ಬರುತ್ತದೆ. ಕಾರಿಡಾರಿನ ತುದಿಗೆ, ನೀರಿನ ಡ್ರಮ್ಮಿನ ಹತ್ತಿರ ಹೋಗಿ ಎತ್ತಿದರು.

"ಸರ್, ತೊಂದರೆ ಕೊಟ್ಟೆನಾ?" ಹಿಂದೆ ಮಗು ರಚ್ಚೆ ಹಿಡಿದಿತ್ತು. "ಪುಟ ನೋಡಿದ್ರಾ?"

"ನೋಡಿದೆ. ಈ ಕರಡಿಗೆ ಬೇರೆ ಕೆಲಸವಿಲ್ಲ."

"ಅವರು ಹೇಳ್ತಿರೋದು ಸರಿ ಸರ್. ಎಡಗಡೆ ಬಿಂದು ಬಿಟ್ಟುಹೋಗಿದೆ." ಅವಳು ಎಷ್ಟು ಮೆತ್ತಗೆ ಹೇಳಿದಳೆಂದರೆ ಮೇಷ್ಟ್ರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವಳಿಗೆ ಗೊತ್ತಿತ್ತು. ಬಹುಶಃ ಮೊದಲ ದಿನದಿಂದಲೂ. "ತಿದ್ದುಪಡಿ ಬರೆದಿಟ್ಟಿದ್ದೀನಿ, ಎಲ್ಲ ಬಿಂದುಗಳನ್ನೂ ಕೂಡಿಸೋ ಹಾಗೆ. ಅದೇನು ದೊಡ್ಡ ವಿಷಯ ಅಲ್ಲ. ಆದರೆ ಎಲ್ಲಿಂದ ಬಂತು ಅಂತ ಕೇಳ್ತಿದ್ದಾರಲ್ಲ, ಅದಕ್ಕೆ ನಾನು ಏನು ಹೇಳಲಿ ಸರ್?"

"ಹಳೇ ಕೋಡಿನಲ್ಲೇ ಇತ್ತು ಅಂತ..." ಎಂದು ಶುರುಮಾಡಿ ಮೇಷ್ಟ್ರು ನಿಲ್ಲಿಸಿದರು.

"ನಾನು ಹೇಳಿದ್ರೆ ನಿಮ್ಮ ಮೇಲೆ ಹಾಕಿದ ಹಾಗಾಗುತ್ತೆ. ನೀವೇ ಹೇಳಿದ್ರೆ ಅದರ ತೂಕವೇ ಬೇರೆ." ಮಗುವಿಗೆ ಏನೋ ಹೇಳಿ ಸುಮ್ಮನಿರಿಸಿ ಮತ್ತೆ ಬಂದಳು. "ಸರ್, ಆ ಸಂಶೋಧನಾ ಹುದ್ದೆ ಅಂತ ಹೇಳಿದ್ದೆನಲ್ಲ. ಒಂದು ವರ್ಷ ಮನೆಯಿಂದಲೇ ಇದೇ ಕೆಲಸ, ಟ್ಯೂಷನ್ ಬಿಡಬಹುದು. ಕೊನೇ ಸುತ್ತಿಗೆ ಇಬ್ಬರೇ ಉಳಿದಿರೋದು. ನಾನು ತೋರಿಸಿರೋ ಕೆಲಸ ಈ ಮರುಜೋಡಣೆ ಒಂದೇ. ಆಯ್ಕೆ ಮಾಡೋರು ಇವತ್ತು ಅದೇ ಪುಟ ನೋಡ್ತಿದ್ದಾರೆ. ಇಲ್ಲದಿದ್ರೆ ನಾನು ನಿಮ್ಮನ್ನ ಕೇಳ್ತಾನೇ ಇರಲಿಲ್ಲ."

ಡ್ರಮ್ಮಿನ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಅದನ್ನು ತಿರುಗಿಸಿದರು, ಇನ್ನೂ ತೊಟ್ಟಿಕ್ಕಿತು. ಆ ಗಳಿಗೆಯಲ್ಲಿ ಅವರಿಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತು. ಕ್ಲಾಸು ನಕ್ಕಾಗ ತಾನೂ ನಕ್ಕ ಹುಡುಗಿ. "ನೀವು ಏನೂ ಬರೀಬೇಡಿ," ಎಂದರು. "ನಾನೇ ಬರೀತೀನಿ. ನೀವು ಸುಮ್ಮನಿರಿ. ನಾನು ನೋಡ್ಕೋತೀನಿ."

"ಥ್ಯಾಂಕ್ಸ್ ಸರ್," ಎಂದಳು. ದನಿಯಲ್ಲಿ ಬಿಗಿ ಸಡಿಲವಾದದ್ದು ಇವರಿಗೆ ಕೇಳಿಸಿತು. "ನೀವು ಬರೀತೀರಿ ಅಂತ ನನಗೆ ಗೊತ್ತಿತ್ತು."

ಮಾತು ಕೊಟ್ಟ ಹುರುಪಿನಲ್ಲಿ ಮೇಷ್ಟ್ರು ಮಧ್ಯಾಹ್ನದ ಪಾಠವನ್ನು ಚೆನ್ನಾಗಿಯೇ ಮಾಡಿದರು. ತಾವು ಬರೆಯಲಿರುವ ವಾಕ್ಯಗಳು ಪಾಠದ ನಡುವೆಯೇ ಬಂದು ಕೂರುತ್ತಿದ್ದವು, ಎಂಥ ಒಳ್ಳೆಯ ವಾಕ್ಯಗಳು! ದೊಡ್ಡ ಮನಸ್ಸಿನ, ಸಣ್ಣ ನಗೆಯ, ವಯಸ್ಸಾದ ವಿದ್ವಾಂಸನ ವಾಕ್ಯಗಳು. ಓದಿದವರು ತಪ್ಪನ್ನು ಮರೆತು ತಪ್ಪೊಪ್ಪಿದವನನ್ನು ಮೆಚ್ಚಬೇಕು. ಆದರೆ ಸ್ಟಾಫ್ ರೂಮಿಗೆ ಬಂದು ಕೂತು ಬರೆದದ್ದನ್ನು ಓದಿಕೊಂಡರೆ ಎಲ್ಲದರಲ್ಲೂ ಒಂದು ತೂತು ಇತ್ತು. ಎರಡು ನನ್ನದು ಎಂದರೆ, ಮರುಜೋಡಣೆಯ ಹೊತ್ತಿಗೆ ಅವಳು ಕೇಳಿದಾಗ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಆಗ ಗೊತ್ತಿರಲಿಲ್ಲ ಎಂದರೆ, ಗೊತ್ತಿಲ್ಲದವನು "ಅರ್ಥವಾಗದ್ದನ್ನು ಮುಟ್ಟಬೇಡಿ" ಎಂದು ಉಪದೇಶ ಮಾಡಿದ ಪತ್ರ ಅವಳ ಹತ್ತಿರ ಹಾಗೇ ಇದೆ. ಆಗಲೇ ಗೊತ್ತಿತ್ತು ಎಂದರೆ... ಅಲ್ಲಿಗೆ ಬೆರಳುಗಳು ನಿಲ್ಲುತ್ತಿದ್ದವು. ಬರೆದರು, ಅಳಿಸಿದರು. "ಹಳೆಯ ಕೋಡಿನಿಂದ ಬಂದಿರಬಹುದು" ಎಂದು ಬರೆದರು. ಬಂದಿರಬಹುದು! ಯಾರದೋ ಮನೆಯ ಸುದ್ದಿಯ ಹಾಗೆ. ಅದನ್ನೂ ಅಳಿಸಿದರು. ಮುಖ್ಯಸ್ಥನ ಕೋಣೆಯಿಂದ ನಗು ಕೇಳಿತು. ತಮ್ಮನ್ನು ಕುರಿತೇ ಇರಬೇಕು ಎನಿಸಿ ಬಾಗಿಲ ಕಡೆ ತಿರುಗಿದರು. ಒಳಗೆ ಯಾರೋ ಫೋನಿನಲ್ಲಿ ಏನೋ ನೋಡುತ್ತಿದ್ದರು. ಮನೆಗೆ ಹೋಗಿ ನೆಮ್ಮದಿಯಾಗಿ ಬರೆದರಾಯಿತು ಎಂದು ಕಂಪ್ಯೂಟರು ಮುಚ್ಚಿದರು.

ಮನೆಯಲ್ಲಿ ಭಾವಮೈದ ಆಗಲೇ ಸೋಫಾದ ತುಂಬ ಹರಡಿಕೊಂಡು ಕೂತಿದ್ದ, ಅವನ ಹೆಂಡತಿ ಗೋಡೆಯ ಫೋಟೋಗಳನ್ನು ನೋಡುತ್ತಿದ್ದಳು. ಹೆಂಡತಿ ಕಣ್ಣಲ್ಲೇ ಎಚ್ಚರಿಸಿದಳು. ಮೇಷ್ಟ್ರು ನಾಲ್ಕು ಮಾತಾಡಿದರು, ಐದನೆಯದು ಹೊಳೆಯಲಿಲ್ಲ. "ಒಂದೇ ಒಂದು ಸಣ್ಣ ಕೆಲಸ ಇದೆ, ಬಂದೆ," ಎಂದು ಎದ್ದರು. "ಶುರುವಾಯ್ತು ನೋಡಪ್ಪ," ಎಂದಳು ಹೆಂಡತಿ, ನಗುತ್ತಲೇ. ಕೋಣೆಯ ಬಾಗಿಲು ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. ಈ ಸಲ ಸುತ್ತಿ ಬಳಸದೆ ಬರೆದರು: "ಈ ಎರಡು ನನ್ನದು. ಅವರದಲ್ಲ. ಅವರು ಕೇಳಿದಾಗ ನನಗೆ ತಪ್ಪು ಗೊತ್ತಾಗಿತ್ತು, ಹೇಳಲಿಲ್ಲ." ಮೂರು ಪುಟ್ಟ ವಾಕ್ಯ. ಕಳಿಸುವ ಗುಂಡಿಯ ಮೇಲೆ ಬಾಣದ ಗುರುತನ್ನು ತಂದು ನಿಲ್ಲಿಸಿದರು. ಬೆರಳು ಒತ್ತಬೇಕಿತ್ತು, ಅಷ್ಟೇ. ಹಾಲ್‌ನಲ್ಲಿ ಹೆಂಡತಿಯ ದನಿ ಏರಿತು. ಅದೇ ಕಥೆ. ಯಾರು ಬಂದರೂ ಹೇಳುವ ಕಥೆ.

"ಇವರು ಹೀಗೆ ಅಂತ ಅಂದ್ಕೋಬೇಡಿ. ಒಂದಿನ ಹೆಂಗೆ ಕುಣಿದ್ರು ಗೊತ್ತಾ? ಹಳೇ ಮನೇಲಿ. ನಾನು ಬಟ್ಟೆ ಮಡಿಸ್ತಾ ಇದ್ದೆ, ಸುಂಟರಗಾಳಿ ಹಾಗೆ ಬಂದು ಎರಡೂ ಕೈ ಹಿಡ್ಕೊಂಡು, ಗಿರಗಿರ ಅಂತ! ಕೆಳಗಿನ ಮನೆಯೋರು ಬೈಕೊಂಡ್ರು. ಏನೋ ಕಂಡುಹಿಡಿದ್ರಂತೆ. ನನಗೆ ಅದೆಲ್ಲ ಎಲ್ಲಿ ಅರ್ಥ ಆಗುತ್ತೆ? ಆದರೆ ಅವತ್ತಿನ ಮುಖ ಇದೆಯಲ್ಲ, ಅದನ್ನ ನೋಡಿಬಿಟ್ಟಿದ್ದೀನಿ ನಾನು. ಅದು ಸಾಕು ನನಗೆ."

ಅದು ಸಾಕು ನನಗೆ. ಮೇಷ್ಟ್ರು ಬಾಣದ ಗುರುತನ್ನು ಗುಂಡಿಯಿಂದ ಈಚೆಗೆ ತಂದರು. ಇದನ್ನು ಕಳಿಸಿದರೆ ಅವತ್ತಿನ ಮುಖಕ್ಕೆ ಏನಾಗುತ್ತದೆ? ಅವಳಿಗೆ ಗೊತ್ತಾಗುವುದಿಲ್ಲ, ನಿಜ, ಅವಳು ಈ ಪುಟವನ್ನು ಈ ಜನ್ಮದಲ್ಲಿ ತೆರೆಯುವುದಿಲ್ಲ. ಆದರೆ ಇನ್ನು ಮೇಲೆ ಅವಳು ಈ ಕಥೆ ಹೇಳಿದಾಗಲೆಲ್ಲ ತಾವು ಪಕ್ಕದಲ್ಲಿ ಕೂತು ಕೇಳಬೇಕು. ಹೆಂಡತಿಗೋಸ್ಕರ, ಎಂದುಕೊಂಡರು. ಎಂದುಕೊಂಡದ್ದು ಎಷ್ಟು ಸಲೀಸಾಗಿ ಬಂತೆಂದರೆ ಅದು ಸುಳ್ಳೆಂದು ಅವರಿಗೇ ಗೊತ್ತಾಯಿತು. ಹೆಂಡತಿಯನ್ನೂ ಒಂದು ಸಾಲಿನ ಹಾಗೆ ಸಾಗಿಸಿ ತಮ್ಮ ತಪ್ಪಿನ ಪಕ್ಕ ಇಡುತ್ತಿದ್ದರು. ಊಟ ಆಗಲಿ, ಅವರು ಹೊರಡಲಿ, ಆಮೇಲೆ, ಎಂದು ಮೂರು ವಾಕ್ಯಗಳನ್ನು ಅಳಿಸದೆ, ಕಳಿಸದೆ ಹಾಗೇ ಬಿಟ್ಟು ಕೂತರು. ಎದ್ದು ಹೋಗಲೂ ಇಲ್ಲ, ಪುಟವನ್ನು ಮತ್ತೆ ಮತ್ತೆ ಹೊಸದಾಗಿ ತೆರೆದು ನೋಡುತ್ತಿದ್ದರು.

ಹಾಗೆ ನೋಡುತ್ತಿದ್ದಾಗಲೇ ಬಂತು. ಬಿಡುಗಡೆ ನೋಡಿಕೊಳ್ಳುವಾಕೆ ಬರೆದಿದ್ದಳು: "ವಿವರಣೆ ಬಂದಿಲ್ಲ. ಮರುಜೋಡಣೆಯನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಳ್ಳಲಾಗಿದೆ. ಹಳೆಯ ಫೈಲೇ ಹೊಸ ಆವೃತ್ತಿಯಲ್ಲಿ ಹೋಗುತ್ತದೆ." ಮೇಷ್ಟ್ರು ಎರಡು ಸಲ ಓದಿದರು. ಆಮೇಲೆ, ಮಾಡಬಾರದೆಂದು ಗೊತ್ತಿದ್ದೂ, ಹಳೆಯ ಫೈಲನ್ನು ತೆರೆದರು. ನಾಲ್ಕು ಕೋಣೆಗಳು ಮಾಯವಾಗಿದ್ದವು. ಅವರ ಉದ್ದನೆಯ ಗೋಜಲು ಫೈಲು ಇದ್ದಲ್ಲೇ ಇತ್ತು. ನೆತ್ತಿಯ ಮೇಲೆ ಅವರ ಹೆಸರು, ಅಂಚಿನಲ್ಲಿ ಸಾಲು ಸಾಲಿಗೂ ಅವರ ಹೆಸರು, ಕೆಳಗೆ ಕೆಳಗೆ ಜಾರಿಸಿದಷ್ಟೂ ಅವರದೇ ಹೆಸರು. ಒಂದು ಕ್ಷಣ, ಒಂದೇ ಒಂದು ಕ್ಷಣ, ಎದೆ ತುಂಬಿ ಬಂತು. ಅಷ್ಟು ಸಂತೋಷವಾಯಿತು ಅವರಿಗೆ. ಆ ಸಂತೋಷದ ಮೇಲೆ ಅವರಿಗೆ ಹೇಸಿಗೆಯಾಗುವಷ್ಟರಲ್ಲಿ ಫೋನು ಗುರ್ರೆಂದಿತು. "ಸರ್, ಹುದ್ದೆ ಇನ್ನೊಬ್ಬರಿಗೆ ಹೋಯ್ತು. ಕೇಳಿದ್ದಕ್ಕೆ ಉತ್ತರ ಕೊಡದೋರನ್ನ ತಗೊಳಕ್ಕಾಗಲ್ಲ ಅಂದ್ರು. ನೀವು ಸುಮ್ಮನಿರಿ ಅಂದಿದ್ರಿ, ಸುಮ್ಮನಿದ್ದೆ." ಕೊನೆಯಲ್ಲಿ ಪ್ರಶ್ನೆ ಇರಲಿಲ್ಲ. ಅವಳಿಂದ ಬಂದ ಸಂದೇಶಗಳಲ್ಲಿ ಏನನ್ನೂ ಕೇಳದೆ ಮುಗಿದದ್ದು ಅದೊಂದೇ.

ಪುಟದಲ್ಲಿ ಇನ್ನೊಂದು ಸಾಲು ಸೇರಿತು. ಹಿಮಕರಡಿ. "ಹಿಂದಕ್ಕೆ ತೆಗೆದ ಮೇಲೂ ಅದೇ ತಪ್ಪು ಉತ್ತರ ಬರುತ್ತಿದೆ. ಆ ಸಾಲು ಹಳೆಯ ಫೈಲಿನಲ್ಲೂ ಇದೆ, 'ಸಮ್ಮಿತಿಯಿಂದ' ಎಂಬ ಟಿಪ್ಪಣಿಯೊಂದಿಗೆ. ಈಗ ಅಂಚಿನಲ್ಲಿ ಬೇರೆ ಹೆಸರಿದೆ. ಇದನ್ನು ಅವರನ್ನೇ ಕೇಳಬೇಕು."

"ಭಾವಾ," ಎಂದು ಬಾಗಿಲು ತಟ್ಟಿ ಭಾವಮೈದ ಒಳಗೆ ತಲೆ ಹಾಕಿದ, ಹಿಂದೆ ಹೆಂಡತಿ, ಅವಳ ಹಿಂದೆ ಅವನ ಹೆಂಡತಿ, ಮೂವರ ಮುಖದಲ್ಲೂ ಇನ್ನೂ ಆರದ ನಗು. "ಅಕ್ಕ ಹೇಳ್ತಿದ್ಲು. ಅವತ್ತು ಅಷ್ಟೊಂದು ಕುಣಿದ್ರಂತಲ್ಲ, ಅಂಥದ್ದೇನು ಸಿಕ್ಕಿತ್ತು ಭಾವ ನಿಮಗೆ? ಅವಳಿಗೆ ಇವತ್ತಿಗೂ ಹೇಳಿಲ್ಲವಂತೆ."

ಮೇಷ್ಟ್ರು ತಿರುಗಿದರು. ದವಡೆಯ ಮೇಲೆ ಬೆಳಗ್ಗೆ ಅಂಟಿಸಿಕೊಂಡ ಕಾಗದದ ಚೂರು ಇನ್ನೂ ಹಾಗೇ ಇತ್ತು. ಇಡೀ ದಿನ ಯಾರೂ ಹೇಳಿರಲಿಲ್ಲ.

"ಎರಡು," ಎಂದರು.

"ಎರಡಾ? ಎರಡೇನು?"

"ಬರೀ ಎರಡು."

ಭಾವಮೈದ ಹೋ ಎಂದು ನಕ್ಕ, ಅವನ ಹೆಂಡತಿಯೂ ನಕ್ಕಳು. "ನೋಡಿದ್ರಾ, ಹೇಳೋದೇ ಇಲ್ಲ," ಎಂದು ಹೆಂಡತಿಯೂ ನಗುತ್ತ ಹತ್ತಿರ ಬಂದಳು, ದವಡೆಯ ಚೂರನ್ನು ಕೀಳಲು ಕೈಚಾಚಿ, ಗಂಡನ ಮುಖ ನೋಡಿ, ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು.